ನಾನು ನಕ್ಕದ್ದು, ಅವರಿಗೆ ನಕ್ಕಿಯಾದದ್ದು

ಮಿರಜೆಯ ಒಂದು ಆಸ್ಪತ್ರೆಯಲ್ಲಿ ಕೌಂಟರಿನ ಹಿಂದೆ ಕೂತು ಕೇಸ್‌ಪೇಪರ್ ಬರೆಯುವುದು ನನ್ನ ನೌಕರಿ. ಅದು ಹೇಳಿಕೊಳ್ಳಲಿಕ್ಕೆ ಮಾತ್ರ. ದಿನದ ಅರ್ಧ ಹೊತ್ತು ನಾನು ಮಾಡುವುದು ಮಾತು ದಾಟಿಸುವ ಕೆಲಸ. ಅಥಣಿ, ರಾಯಬಾಗ, ಕಾಗವಾಡದ ಕಡೆಯಿಂದ ಬರುವವರಿಗೆ ಮರಾಠಿ ಬಾರದು, ಹೊಸ ಡಾಕ್ಟರುಗಳಿಗೆ ಕನ್ನಡ ಬಾರದು. ನಡುವೆ ನನ್ನನ್ನು ಕರೆಯುತ್ತಾರೆ. ಎಲ್ಲಿ ನೋವು, ಎಷ್ಟು ದಿನದಿಂದ, ಯಾವಾಗ ಹೆಚ್ಚು, ಎಲ್ಲವೂ ನನ್ನ ಬಾಯಿಂದಲೇ ಆಚೀಚೆ ಹೋಗಬೇಕು.

ಒಮ್ಮೆ ಒಬ್ಬ ಮುದುಕಿ ಬಂದಿದ್ದಳು. ನಾನು ಹೋಗುವುದು ಎರಡು ನಿಮಿಷ ತಡವಾಯಿತು. ಅಷ್ಟರಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿಬಿಟ್ಟಿದ್ದರು: "ನಕ್ಕಿ ಕುಠಂ ದುಖತಂಯ, ಆಜಿ? ನಕ್ಕಿ?" ಸರಿಯಾಗಿ ಎಲ್ಲಿ ನೋಯುತ್ತದೆ ಎಂದು ಅವರ ಪ್ರಶ್ನೆ. ಮುದುಕಿ ಕೆರಳಿ ಕೂತಿದ್ದಳು. "ನಾ ಎಲ್ಲಿ ನಕ್ಕೇನ್ರಿ ಸಾಹೇಬ್ರ? ಹೊಟ್ಟಿ ಹಿಡಕೊಂಡ ಬಂದೇನಿ, ನಗಾಕ ನನಗೇನ ಹುಚ್ಚ ಹಿಡದೈತೇನು?" ನಾನು ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಮರಾಠಿಯಲ್ಲಿ ನಕ್ಕಿ ಅಂದರೆ ಮುಗಿಯಿತು. ಖಂಡಿತ, ಖಾತ್ರಿ, ಇನ್ನು ಬದಲಿಲ್ಲ. ನಾಳೆ ಬರುವುದು ನಕ್ಕಿ, ಆಪರೇಶನ್ ನಕ್ಕಿ, ಲಗ್ನ ನಕ್ಕಿ. ಒಮ್ಮೆ ನಕ್ಕಿ ಆದದ್ದನ್ನು ದೇವರೇ ಇಳಿದು ಬಂದರೂ ಅಲ್ಲಗಳೆಯುವ ಹಾಗಿಲ್ಲ. ನಮ್ಮ ಕಡೆಯ ಕನ್ನಡದಲ್ಲಿ ನಕ್ಕಿ ಅಂದರೆ 'ನೀನು ನಕ್ಕೆ' ಅಂತ, ಅಷ್ಟೇ. ನೀ ಬಂದಿ, ನೀ ಉಂಡಿ, ನೀ ನಕ್ಕಿ. ಮರಾಠಿಯವರು ಕೊನೆಯಲ್ಲಿ ಒಂದಿಷ್ಟು ಎಳೆಯುತ್ತಾರೆ, ನಾವು ಮೊಟಕಾಗಿ ಬಿಡುತ್ತೇವೆ. ಇಡೀ ವ್ಯತ್ಯಾಸ ಅಷ್ಟರಲ್ಲೇ ಇದೆ. ಆ ಎಳೆತದ ದೆಸೆಯಿಂದ ನನ್ನ ಬಾಳು ಇನ್ನೇನು ಬೇರೆ ಯಾರದೋ ಮನೆಗೆ ಹೋಗಿಬಿಡುತ್ತಿತ್ತು. ಅದಕ್ಕೇ ಈ ಶಬ್ದದ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಐದಾರು ವರ್ಷದ ಹಿಂದೆ ಸಾಂಗ್ಲಿಯಿಂದ ನನ್ನನ್ನು ನೋಡಲು ಒಂದು ಮನೆಯವರು ಬಂದರು. ಅರಿಷಿಣದ ವ್ಯಾಪಾರದ ಮನೆತನ. ಮೂಲ ನಮ್ಮಂತೆಯೇ ಕನ್ನಡದವರು, ಆದರೆ ಈಗ ಮನೆಯಲ್ಲಿ ಪೂರಾ ಮರಾಠಿ. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ನಮ್ಮಪ್ಪ ಅವರ ಮನೆತನವನ್ನು ಮೂರು ತಲೆಮಾರಿನ ತನಕ ವಿಚಾರಿಸಿ, ಹುಡುಗನಿಗೆ ಚಟವಿಲ್ಲ ಎಂಬುದನ್ನು ನಾಲ್ಕು ಜನರಿಂದ ಖಾತ್ರಿ ಮಾಡಿಕೊಂಡು, ಆಮೇಲೆ ನನಗೆ ಹೇಳಿದರು. ನನ್ನನ್ನು ಕೇಳಲಿಲ್ಲ, ಹೇಳಿದರು. "ಐತ್ವಾರ ಬರ್ತಾರ. ಡ್ಯೂಟಿ ಹಾಕಿಸ್ಕೋಬ್ಯಾಡ."

ಭಾನುವಾರ ಮುಂಜಾನೆ ಸಲಗರೆಯಿಂದ ಅತ್ತಿ ಬಂದಳು. ಅಪ್ಪನ ಅಕ್ಕ. ನಮ್ಮ ಮನೆಯಲ್ಲಿ ಲಗ್ನದ ಮಾತಿಗೆ ಅತ್ತಿಯ ಬಾಯಿಂದ ಏನು ಬರುತ್ತದೋ ಅದೇ ಕೊನೆ. ಬಂದವಳೇ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. "ಖೋಡಿ, ನಿನ್ನ ದವಾಖಾನಿ ಮಾರಿ ಇವತ್ತ ಒಂದ ದಿವಸ ಬಾಜೂಕ ಇಡು. ತೆಲಿ ಬಗ್ಗಿಸಿ ಕುಂದ್ರು. ಹಲ್ಲ ತಗದರ ನೋಡು ಮತ್ತ."

ಬಂದವರು ನಾಲ್ವರು. ಹುಡುಗ, ಅವನ ಅಪ್ಪ, ಅವ್ವ, ಒಬ್ಬ ಕಾಕಾ. ಹುಡುಗ ಕೆಟ್ಟವನೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದ. ಮಾತೆಲ್ಲ ಅವನ ಅವ್ವನದು. ಹಸಿರು ಸೀರೆ, ಬಿಗಿದ ತುರುಬು, ಶುದ್ಧ ಸಾಂಗ್ಲಿ ಮರಾಠಿ. ಅವಲಕ್ಕಿ ಚೆನ್ನಾಗಿದೆ ಅಂದರು, ಮನೆ ಚೊಕ್ಕಟವಿದೆ ಅಂದರು. ನನ್ನ ಪಗಾರ ಕೇಳಲಿಲ್ಲ, ಅದಕ್ಕೆ ನನಗೆ ಸ್ವಲ್ಪ ಆಶೆ ಹುಟ್ಟಿತ್ತು. ಆಮೇಲೆ ಹೇಳಿದರು: "ಲಗ್ನಾನಂತರ ನೌಕರೀಚಿ ಗರಜ ನಾಹೀ." ಲಗ್ನವಾದ ಮೇಲೆ ನೌಕರಿಯ ಅಗತ್ಯವಿಲ್ಲ.

ಅಗತ್ಯ ಯಾರಿಗಿಲ್ಲ? ನನ್ನ ಮೈ ಉರಿಯಿತು. ನೌಕರಿ ಅಂದರೆ ನನಗೆ ತಿಂಗಳ ಕೊನೆಯ ಪಗಾರ ಮಾತ್ರ ಅಲ್ಲ. ಬೆಳಗ್ಗೆ ಎಂಟಕ್ಕೆ ಗಡಿಯಾಚೆಯಿಂದ ಬಂದು ಮೆಟ್ಟಿಲ ಮೇಲೆ ಕೂತಿರುವ ಹೆಂಗಸರು, ಇಡೀ ಜನ್ಮದಲ್ಲಿ ಯಾವ ಗಂಡಸಿಗೂ ಹೇಳಿರದ ನೋವನ್ನು ನನ್ನ ಕಿವಿಯಲ್ಲಿ ಹೇಳುತ್ತಾರೆ. ನಾನು ಅದನ್ನು ಡಾಕ್ಟರಿಗೆ ಮುಟ್ಟಿಸುತ್ತೇನೆ. ನಾನು ಇಲ್ಲದ ದಿನ ಅವರು "ಏನೂ ಇಲ್ರಿ, ಬರೇ ಸುಸ್ತು" ಅಂದು ಗುಳಿಗೆ ತೆಗೆದುಕೊಂಡು ಮರಳಿ ಹೋಗುತ್ತಾರೆ. ನನಗೆ ಇದು ಬೇಕು. ಇದನ್ನು ಬಿಡು ಎಂದವರಿಗೆ ನಾನು ಅಲ್ಲೇ ಉತ್ತರ ಕೊಡುವವಳಿದ್ದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಹುಡುಗ ಬಾಯಿ ಬಿಟ್ಟ. ಪಾಪ, ನನ್ನನ್ನು ಖುಷಿಪಡಿಸಲಿಕ್ಕೆ ಕನ್ನಡ ಆಡಲು ಹೊರಟಿದ್ದ. ಕೇಳಿದರೆ ತಿಳಿಯುತ್ತದೆ, ಆಡಲು ಬಾರದು, ಸಾಂಗ್ಲಿಯಲ್ಲಿ ನಮ್ಮ ವಯಸ್ಸಿನ ಅರ್ಧ ಮಂದಿ ಹಾಗೆಯೇ. ಖಾಲಿ ಕಪ್ಪನ್ನು ಎತ್ತಿ ತೋರಿಸಿ, ಒಂದೊಂದೇ ಶಬ್ದ ಹೆಕ್ಕಿ ಹೆಕ್ಕಿ, ಗಂಭೀರವಾಗಿ ಹೇಳಿದ: "ನಾ... ಚಹಾ... ಪೂರಾ ಕಡದೇನಿ."

ಕುಡಿದೇನಿ ಅನ್ನಬೇಕಿತ್ತು. ಕಡಿದುಬಿಟ್ಟ.

ನಾನು ನಕ್ಕೆ. ತಡೆಯಲಿಕ್ಕೇ ಆಗಲಿಲ್ಲ. ತುಟಿ ಕಚ್ಚಿದರೂ ಮೂಗಿನಿಂದ ಬಂತು, ಸೆರಗು ಒತ್ತಿದರೂ ಕಣ್ಣಿಂದ ಬಂತು. ತಲೆ ಬಗ್ಗಿಸಿ ಕೂಡುವುದೆಲ್ಲ ಗಾಳಿಗೆ ಹೋಯಿತು. ಪಕ್ಕದಲ್ಲಿದ್ದ ಅತ್ತಿ ಗಾಬರಿಯಾಗಿ, ಗಲ್ಲದ ಮೇಲೆ ಕೈಯಿಟ್ಟು, ಬೈಯುವುದಕ್ಕೆ ಉಸಿರೆಳೆದುಕೊಂಡಳು. ಎಳೆದದ್ದೇ ತಪ್ಪಾಯಿತು.

"ನಕ್ಕೀ!"

ಹುಡುಗನ ಅವ್ವ ಥಟ್ಟನೆ ತಿರುಗಿದರು. "ನಕ್ಕೀ? ಐಕಲಂತ ಕಾ? ಮುಲೀಚ್ಯಾ ಆತ್ಯಾನೇಚ ನಕ್ಕೀ ಮ್ಹಟಲಂ!" ಕೇಳಿದಿರಾ, ಹುಡುಗಿಯ ಸೋದರತ್ತೆಯೇ ನಕ್ಕಿ ಅಂದರು. ಕಾಕಾ ಚಪ್ಪಾಳೆ ತಟ್ಟಿದರು. ಹುಡುಗನ ಅಪ್ಪ ನಮ್ಮಪ್ಪನ ಕೈ ಹಿಡಿದು ಕುಲುಕಿದರು. ಎಲ್ಲಿಂದಲೋ ಪೇಡೆಯ ಡಬ್ಬಿ ಹೊರಬಂತು. ಅವರು ತಯಾರಾಗಿಯೇ ಬಂದಿದ್ದರು! ನಾನು "ಅಹೋ, ತಸಂ ನಾಹೀ," ಹಾಗಲ್ಲ, ಎಂದು ಬಾಯಿ ತೆರೆದೆ. ಆ ಬಾಯಿಗೇ ಆ ತಾಯಿ ಒಂದು ಇಡೀ ಪೇಡೆ ತುರುಕಿದರು. ಆಸ್ಪತ್ರೆಯಲ್ಲಿ ನೂರಾರು ಜನರ ಮಾತನ್ನು ಆಡುವ ನಾನು ನನ್ನ ಮಾತನ್ನು ಆಡಬೇಕಾದಾಗ ಬಾಯಿ ತುಂಬ ಖೋವೆ ಇಟ್ಟುಕೊಂಡು ನಿಂತಿದ್ದೆ. ನುಂಗುವಷ್ಟರಲ್ಲಿ ಅವರು ನನ್ನ ಹಣೆಗೆ ಕುಂಕುಮ ಇಟ್ಟು ಚಪ್ಪಲಿ ಮೆಟ್ಟಿಯಾಗಿತ್ತು.

ಬಾಗಿಲು ಮುಚ್ಚಿದ ಮೇಲೆ ಅತ್ತಿಯನ್ನು ಹಿಡಿದೆ.

"ಅತ್ತಿ, ನೀವು ಏನಂದ್ರಿ?"

"ನಿನಗ ಬೈದೆ, ಖೋಡಿ! ನೋಡಾಕ ಬಂದಾವ್ರ ಮುಂದ ಹಂಗ ಹಲ್ಲ ತಗದಿ ಅಂತ."

"ಹಂಗಾರ ಅವರಿಗೆ ಹೇಳಬೇಕಿತ್ತಿಲ್ಲ? ಬೈದದ್ದು, ಲಗ್ನ ನಕ್ಕಿ ಮಾಡಿದ್ದಲ್ಲ ಅಂತ?"

ಅತ್ತಿ ಅಪ್ಪನ ಮುಖ ನೋಡಿದಳು. "ಈಗ ಹೆಂಗ ಹೇಳಲೇ? ಎಲ್ಲಾರೂ ಪೇಡೆ ತಿಂದೇವಿ."

ಅಪ್ಪನಿಗಂತೂ ಇದರಲ್ಲಿ ತಪ್ಪೇ ಕಾಣಲಿಲ್ಲ. "ನೀ ನಕ್ಕಿ. ನಕ್ಕ ಮ್ಯಾಲ ಮನಸ ಐತಿ ಅಂತನ ಅರ್ಥ. ಟಿಕೀಟ ಹರದ ಕೊಟ್ಟಾದ ಮ್ಯಾಲ ಗಾಡಿ ನಿಂದ್ರಸಾಕ ಬರೂದಿಲ್ಲ."

"ಟಿಕೀಟ ನಾ ಕೇಳೇ ಇಲ್ಲಪ್ಪಾ! ನಾ ಆ ಗಾಡಿ ಹತ್ತಿಲ್ಲ!"

"ನಾಕ ಮಂದಿ ಮುಂದ ಮಾತ ಹೋಗೇತಿ."

"ಯಾರ ಮಾತು? ನಂದಂತೂ ಅಲ್ಲ."

ನಮ್ಮವ್ವ ಅಡಿಗೆಮನೆಯಿಂದ ಕಣ್ಣು ಸನ್ನೆ ಮಾಡಿ ಸುಮ್ಮನಿರು ಅಂದಳು. ನಾನು ಸುಮ್ಮನಿರಲಿಲ್ಲ. ಹುಡುಗ ಒಳ್ಳೆಯವನಿರಬಹುದು, ಮನೆ ಒಳ್ಳೆಯದಿರಬಹುದು, ನನ್ನ ನೌಕರಿ ನಾನು ಬಿಡುವುದಿಲ್ಲ, ಅದನ್ನು ಬಿಡಿಸುವ ಲಗ್ನ ನನಗೆ ಬೇಡ ಎಂದು ಹೇಳಿದೆ. ಒಮ್ಮೆ ಹೇಳಿದೆ, ಹತ್ತು ಸಲ ಹೇಳಿದೆ. ಸೋಮವಾರ ಮಧ್ಯಾಹ್ನದೊಳಗೆ ಖಂಡೇರಾಜುರಿಯ ಮಾವಶಿ, ಅವ್ವನ ತಂಗಿ, ಫೋನ್ ಮಾಡಿ ಅಭಿನಂದನೆ ಹೇಳಿದಳು. ಸಂಜೆಗೆ ನಮ್ಮ ಓಣಿಯ ಕಿರಾಣಿ ಅಂಗಡಿಯವನು ಸಹ "ನಕ್ಕಿ ಝಾಲಂ ಮ್ಹಣೇ?" ಅಂದ. ನಕ್ಕಿ ಆಯಿತಂತೆ! ನನ್ನ ಬಿಟ್ಟು ಇಡೀ ತಾಲೂಕಿಗೆ ನನ್ನ ಮನಸ್ಸು ಗೊತ್ತಿತ್ತು.

ಅಪ್ಪನಿಗೆ ಹೇಳಿದೆ, ನೀವು ಫೋನ್ ಮಾಡಿ ಅವರಿಗೆ ತಿಳಿಸಿ. ಮಾಡಲಿಲ್ಲ. ನಾನೇ ಹೋಗುತ್ತೇನೆ ಅಂದೆ. "ಹೋಗಿ ನೋಡು. ಹುಡುಗಿ ತಾನ ಹೋಗಿ ಹೇಳಿದ್ದ ನಮ್ಮ ಮನಿತನದಾಗ ಇಲ್ಲ," ಅಂದರು. ಇಲ್ಲದಿದ್ದರೆ ಇನ್ನು ಮೇಲೆ ಇರಲಿ. ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಅದರ ಮೇಲೆ ಅಪ್ಪ ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟರು, ಊಟಕ್ಕೆ ಕೂತರೆ ಅವ್ವನ ಮೂಲಕ ಉಪ್ಪು ಕೇಳುತ್ತಿದ್ದರು. ಕೇಳಲಿ. ನಾನು ಉಪ್ಪು ಕೊಡುತ್ತಿದ್ದೆ.

ಮಿರಜೆಯಿಂದ ಸಾಂಗ್ಲಿಗೆ ಮಹಾ ಎಷ್ಟು ದೂರ? ಹತ್ತು ಮಂದಿಯನ್ನು ತುರುಕಿಕೊಂಡು ಹೋಗುವ ವಡಾಪಿನಲ್ಲಿ, ಅಂದರೆ ಶೇರ್ ರಿಕ್ಷಾದಲ್ಲಿ, ಒಂದು ಬದಿ ನೇತಾಡಿಕೊಂಡು ಕೂತರೆ ಅರ್ಧ ಗಂಟೆ. ಅವತ್ತು ಆ ಅರ್ಧ ಗಂಟೆಯಲ್ಲಿ ಹೇಳಬೇಕಾದ ಮರಾಠಿಯನ್ನೆಲ್ಲ ತಲೆಯಲ್ಲಿ ಜೋಡಿಸಿಕೊಂಡೆ. ಬೇರೆಯವರ ಮಾತನ್ನು ದಾಟಿಸುವಾಗ ನನಗೆ ಎಂದೂ ತಯಾರಿ ಬೇಕಾಗಿಲ್ಲ. ನನ್ನ ಮಾತಿಗೆ ಬಾಯಿ ಒಣಗುತ್ತಿತ್ತು. ವಿಶ್ರಾಮಬಾಗ್ ದಾಟುವಾಗ ಇಳಿದು ಮರಳಿ ಹೋಗಿಬಿಡಲೇ ಅನ್ನಿಸಿದ್ದೂ ಖರೆ. ಇಳಿಯಲಿಲ್ಲ.

ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಹೊಸ್ತಿಲಲ್ಲೇ ಅರಿಷಿಣದ ಘಾಟು. ತಾಯಿ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಳಕೋಣೆಯಿಂದ ಅವರ ಯಜಮಾನರ ಧ್ವನಿ ಕೇಳುತ್ತಿತ್ತು. ಮಂಗಲ ಕಾರ್ಯಾಲಯದವರ, ಅಂದರೆ ಲಗ್ನದ ಛತ್ರದವರ ಜೊತೆ ಫೋನಿನಲ್ಲಿ ತಾರೀಖು ಗೊತ್ತು ಮಾಡುತ್ತಿದ್ದರು. ಎಷ್ಟು ಪಂಕ್ತಿ, ಎಷ್ಟು ಖೋಲಿ, ಎಲ್ಲ ನಡೆದಿತ್ತು. ನನ್ನದೇ ಲಗ್ನದ ತಾರೀಖು ಬಾಗಿಲಾಚೆಯಿಂದ ಕೇಳಿಸಿಕೊಳ್ಳುತ್ತ ನಿಂತೆ. ಆ ಹೊತ್ತಿಗೆ ನನ್ನ ಹೆದರಿಕೆಯೆಲ್ಲ ಹೋಗಿ ಬರೀ ಸಿಟ್ಟು ಉಳಿಯಿತು.

ತಾಯಿ ನನ್ನನ್ನು ನೋಡಿ ಹುಬ್ಬೇರಿಸಿದರು, ಆಮೇಲೆ ಮರಾಠಿಯಲ್ಲೇ ಬಾ, ಕೂಡು ಅಂದರು. ನಾನು ಕೂಡಲಿಲ್ಲ. ಜೋಡಿಸಿಕೊಂಡು ಬಂದದ್ದನ್ನು ಹೇಳಿದೆ. ಅತ್ತಿ ಅಂದದ್ದು ಏನು, ಅದು ಹೇಗೆ ಬೇರೆಯಾಯಿತು, ನಾನು ಯಾಕೆ ನಕ್ಕೆ. ನಿಮ್ಮ ಮಗನ ಮೇಲೆ ನನಗೆ ಏನೂ ಕೋಪವಿಲ್ಲ. ಆದರೆ ನನ್ನ ಕೆಲಸ ನಾನು ಬಿಡುವುದಿಲ್ಲ. "ಮಲಾ ಹೇ ಲಗ್ನ ನಕೋ." ನನಗೆ ಈ ಲಗ್ನ ಬೇಡ.

ಅವರು ನಕ್ಕರು. ಮೆಂತ್ಯದ ಕಡ್ಡಿ ಮುರಿಯುತ್ತ, ಎಲ್ಲ ಹುಡುಗಿಯರೂ ಮೊದಲು ಹಾಗೆಯೇ ಅನ್ನುತ್ತಾರೆ ಅಂದರು.

ತಪ್ಪು ಶಬ್ದ ಆರಿಸಿಕೊಂಡಿದ್ದೆ. ನಕೋ ಅನ್ನುವುದನ್ನು ಈ ಊರಲ್ಲಿ ಯಾರು ಕೇಳುತ್ತಾರೆ? ಪಂಕ್ತಿಯಲ್ಲಿ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ನಕೋ ನಕೋ ಅನ್ನುತ್ತಾರೆ, ಬಡಿಸುವವರು ಬೆರಳ ಸಂದಿಯಿಂದ ಇನ್ನೊಂದು ಜಿಲೇಬಿ ಹಾಕಿಯೇ ಹಾಕುತ್ತಾರೆ. ಬೇಡ ಅಂದವರನ್ನು ಒತ್ತಾಯ ಮಾಡುವುದೇ ಮರ್ಯಾದೆ. ನನಗೂ ಈ ಹೆಂಗಸು ಲಗ್ನ ಬಡಿಸಲಿಕ್ಕೆ ಕೂತಿದ್ದರು. ಒಳಗೆ ಯಜಮಾನರು "ಹೋ, ಹೋ, ಚಾಲೇಲ," ಆದೀತು ಅನ್ನುತ್ತಿದ್ದರು.

ನನ್ನ ಮರಾಠಿ ಅಲ್ಲಿಗೆ ಮುಗಿಯಿತು. ಹೊಟ್ಟೆಯೊಳಗಿಂದ ನಮ್ಮ ಮಾತೇ ಎದ್ದು ಬಂತು.

"ನಾ ಒಲ್ಲೆ."

ಅಷ್ಟೇ. ಕಾರಣ ಹೇಳಲಿಲ್ಲ, ರೀ ಹಚ್ಚಲಿಲ್ಲ. ಈ ಶಬ್ದದ ಗುಣವೇ ಅಂಥದು. ಬೇಡ ಅನ್ನುವುದು ವಸ್ತುವಿನ ಬಗ್ಗೆ, ಒಲ್ಲೆ ಅನ್ನುವುದು ನನ್ನ ಬಗ್ಗೆ. ಅದರ ಬಾಲದಲ್ಲೇ ನಾನು ಇದ್ದೇನೆ. ನನ್ನ ಪರವಾಗಿ ಇದನ್ನು ಅಪ್ಪ ಆಡಲಾರರು, ಅತ್ತಿ ಆಡಲಾರಳು. ಅವರ ಬಾಯಲ್ಲಿ ಅದು ಬೇರೆ ರೂಪವಾಗಿಬಿಡುತ್ತದೆ. ಒಲ್ಲೆ ಅನ್ನುವುದಿದ್ದರೆ ನಾನೇ ಅನ್ನಬೇಕು.

ಮೆಂತ್ಯ ಬಿಡಿಸುತ್ತಿದ್ದ ಕೈ ನಿಂತಿತು. ಆಮೇಲೆ ನಮ್ಮ ಅತ್ತಿಯ ಬಾಯಲ್ಲಿ ಬರುವಂಥದೇ ಕನ್ನಡದಲ್ಲಿ, ಒಂದಿಷ್ಟೂ ತಡವರಿಸದೆ ಹೇಳಿದರು: "ಭಾಳ ವರ್ಷ ಆತು ಈ ಮಾತ ಕೇಳಿ."

"ನಿಮಗ ಕನ್ನಡ ಬರತೈತೇನ್ರಿ?"

"ನಾ ಲಿಂಗನೂರಾಕಿ. ಲಗ್ನ ಆಗಿ ಬರೂತನಕ ನನಗ ಬ್ಯಾರೆ ಭಾಷಾನ ಬರ್ತಿದ್ದಿಲ್ಲ."

ಮೂರು ತಲೆಮಾರು ವಿಚಾರಿಸಿದ ನಮ್ಮಪ್ಪ ಈ ಹೆಂಗಸು ಯಾವ ಊರಿನ ಮಗಳು ಎಂದು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ವಿಷಯ ನನ್ನ ತಲೆಗೆ ಹೊಳೆಯಿತು.

"ಅಂದ್ರ ಅವತ್ತ ನಮ್ಮತ್ತಿ ಅಂದದ್ದು ನಿಮಗ ತಿಳದಿತ್ತು."

"ತಿಳದಿತ್ತು."

"ಬೈದಾರ ಅಂತ ಗೊತ್ತಿತ್ತು?"

"ಗೊತ್ತಿತ್ತು." ಕಣ್ಣು ತಪ್ಪಿಸಲಿಲ್ಲ. "ನೀ ನಕ್ಕದ್ದ ನೋಡಿದೆ. ಈ ಮನ್ಯಾಗ ಹಂಗ ಯಾರೂ ನಗೂದಿಲ್ಲವ್ವಾ. ಇಂಥಾಕಿ ಬೇಕಂತ ಅನಸ್ತು. ಬಾಯಿಗೆ ಬಂದದ್ದ ಹಿಡಕೊಂಡೆ."

ಮೋಸ! ಎಷ್ಟು ಸಲೀಸಾಗಿ ಹೇಳಿದರು! ಇದನ್ನು ಕೇಳಿದವರು ಆಕೆಯ ಮೇಲೆ ನನಗೆ ಕನಿಕರ ಬಂದಿರಬೇಕು ಅನ್ನುತ್ತಾರೆ. ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆ. ನನಗೆ ಎದೆಯಲ್ಲಿ ಬೆಂಕಿ ಬಿದ್ದಿತ್ತು.

"ನನ್ನ ನೌಕರಿ ಬಿಡಿಸಿ, ನನ್ನ ಮಾತ ಕಸಗೊಂಡು, ಇಲ್ಲಿ ತಂದು ಕುಂಡ್ರಿಸಿದ ಮ್ಯಾಲ ನಾ ಎಲ್ಲಿಂದ ನಗಲ್ರಿ? ನೀವು ನಗತೀರೇನು?"

ಅವರು ಮೊರದಲ್ಲಿದ್ದ ಸೊಪ್ಪನ್ನು ಒಂದು ಬದಿಗೆ ಸರಿಸಿದರು, ಕಡ್ಡಿಯನ್ನು ಇನ್ನೊಂದು ಬದಿಗೆ. ಆಮೇಲೆ ತಲೆಯೆತ್ತದೆ ಹೇಳಿದರು: "ಒಲ್ಲೆ ಅನ್ನಬೇಕಂತ ಅನಕೊಂಡಾವ್ರನ್ನ ನೋಡೀನಿ. ಅಂದಾವ್ರನ್ನ ನೋಡಿದ್ದಿಲ್ಲ."

ಯಾರನ್ನು ಎಂದು ನಾನು ಕೇಳಲಿಲ್ಲ. ಒಳಗೆ ಯಜಮಾನರು ಹೆಸರು ಬರೆಸುತ್ತಿದ್ದರು. ಮೊದಲು ಅವರ ಮನೆತನದ ಹೆಸರು, ಆಮೇಲೆ ನಮ್ಮದು. ಕಾರ್ಯಾಲಯದವರಿಗೆ ಸರಿಯಾಗಿ ಕೇಳಿಸಲೆಂದು ನಮ್ಮ ಅಡ್ಡಹೆಸರನ್ನು ಒಂದೊಂದು ಅಕ್ಷರವಾಗಿ ಬಿಡಿಸಿ ಹೇಳುತ್ತಿದ್ದರು. ನಾನು ಆ ಬಾಗಿಲ ಕಡೆಗೆ ಹೆಜ್ಜೆ ಇಟ್ಟೆ. ತಾಯಿ ಕೈ ಎತ್ತಿ ನನ್ನನ್ನು ತಡೆದರು. ಮೊಣಕಾಲು ಹಿಡಿದುಕೊಂಡು ಎದ್ದರು. ಅವರೇ ಬಾಗಿಲಿಗೆ ಹೋದರು.

"ಅಹೋ, ಫೋನ ಠೇವಾ," ಅಂದರು, ಫೋನ್ ಇಡಿ ಅಂತ. ಮುಂದಿನದು ಮರಾಠಿಯಲ್ಲಿ ಬರಲಿಲ್ಲ. "ಹುಡುಗಿ ಒಲ್ಲಳಂತ."

ಒಳಗಿನಿಂದ ಮರಾಠಿಯಲ್ಲಿ, ಏನಂದೆ, ಎಂದು ಪ್ರಶ್ನೆ ಬಂತು.

"ಒಲ್ಲಳಂತ ಅನಬ್ಯಾಡ್ರಿ," ಅಂದೆ ನಾನು ಹಿಂದಿನಿಂದ. "ಅಂತ ಅಂದ್ರ ಯಾರೋ ಹೇಳಿದ್ದು ಆಗತೈತಿ. ನಾ ಇಲ್ಲೇ ನಿಂತೇನಿ. ಒಲ್ಲಳು ಅನ್ರಿ."

ಅವರು ತಿರುಗಿ ನನ್ನ ಮುಖ ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಮತ್ತೆ ಒಳಗಿನ ಕಡೆ ಮುಖ ಮಾಡಿ, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು, ಆ ಮನೆಯಲ್ಲಿ ಅಷ್ಟು ಜೋರಾಗಿ ಅವರು ಎಂದೂ ಮಾತಾಡಿರಲಿಲ್ಲ ಅನ್ನಿಸುವಷ್ಟು ಜೋರಾಗಿ ಅಂದರು:

"ಒಲ್ಲಳು!"